ದೇಶ ಸುತ್ತು, ಕೋಶ ಓದು: ಮರಳುಗಾಡಿನಲ್ಲಿ ಗೋಧಿ ಬೆಳೆದವರು

ಊರು ಬಿಟ್ಟು ಬಂದವರಿಗೆ ಬಿಟ್ಟ ಊರಿನ ಹೆಸರೇ ಕುಲದ ಹೆಸರಾಗಿ ನಿಲ್ಲುವುದುಂಟು. ರಾಜಸ್ಥಾನದ ಪಾಲಿ ಎಂಬ ಊರನ್ನು ತೊರೆದ ಬ್ರಾಹ್ಮಣರು 'ಪಾಲೀವಾಲ'ರೆನಿಸಿಕೊಂಡದ್ದು ಹೀಗೆಯೇ. ಸುಮಾರು 13ನೇ ಶತಮಾನದಲ್ಲಿ ಅವರು ಪಶ್ಚಿಮಕ್ಕೆ ಸರಿದು ಜೈಸಲ್ಮೇರ್ ಸೀಮೆಯಲ್ಲಿ ನೆಲೆಸಿದರೆಂದು ಪ್ರತೀತಿ. ಅವರ ಹಳ್ಳಿಗಳು 84 ಇದ್ದುವಂತೆ. ಅವುಗಳಲ್ಲಿ ಕುಲಧರಾ ಹೆಸರಾದುದು.

ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರು. ಎಷ್ಟೋ ವರ್ಷ ಅದೂ ಇಲ್ಲ. ಇಂಥ ನೆಲದಲ್ಲಿ ಗೋಧಿ ಬೆಳೆದ ಅವರ ಉಪಾಯಕ್ಕೆ 'ಖಡೀನ್' ಎಂದು ಹೆಸರು. ನಮ್ಮ ಕಡೆಯ ಕೆರೆಯನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ನಮ್ಮಲ್ಲಿ ಏರಿಯ ಹಿಂದೆ ನೀರು, ಏರಿಯ ಕೆಳಗೆ ಗದ್ದೆ. ಅಲ್ಲಿಯಾದರೋ ಕೆರೆಯ ಅಂಗಳವೇ ಗದ್ದೆ! ಕಲ್ಲುನೆಲದ ಇಳಿಜಾರಿನಲ್ಲಿ ಹರಿದು ಬರುವ ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಏರಿ ಕಟ್ಟಿ ತಡೆಯುತ್ತಾರೆ. ನೀರಿನೊಡನೆ ಬಂದ ಮೆಕ್ಕಲುಮಣ್ಣು ಅಲ್ಲಿಯೇ ತಂಗುತ್ತದೆ. ಮಳೆಗಾಲ ಕಳೆದು ನೀರು ಇಂಗಿದ ಮೇಲೆ, ಉಳಿದುದನ್ನು ತೂಬಿನಿಂದ ಹೊರಬಿಟ್ಟು, ಹಸಿನೆಲದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಮುಂದೆ ಹನಿ ನೀರು ಹಾಯಿಸದೆಯೇ ಪೈರು ಬರುತ್ತದೆ. ಏರಿಯ ಕೆಳಗಿನ ಬಾವಿಗೆ ಸಿಹಿನೀರು ಒಸರುತ್ತದೆ.

ಬೇಸಾಯದೊಡನೆ ವ್ಯಾಪಾರವನ್ನೂ ನಡೆಸಿ ಈ ಜನ ಸಿರಿವಂತರಾದರು. ಆದರೂ 19ನೇ ಶತಮಾನದಲ್ಲಿ ಕುಲಧರಾ ಬರಿದಾಯಿತು. ದಿವಾನ ಸಾಲಿಂ ಸಿಂಗನ ಕಣ್ಣು ಊರ ಮುಖ್ಯಸ್ಥನ ಮಗಳ ಮೇಲೆ ಬಿತ್ತೆಂದೂ, ಮಾನಕ್ಕಂಜಿ ಎಲ್ಲ ಹಳ್ಳಿಗಳ ಜನವೂ ಒಂದೇ ರಾತ್ರಿ ಶಾಪವಿಟ್ಟು ಹೊರಟರೆಂದೂ ಕಥೆ. ಆ ದಿವಾನನ ಸುಲಿಗೆಯನ್ನು ಅದೇ ಕಾಲದ ಕರ್ನಲ್ ಜೇಮ್ಸ್ ಟಾಡ್ ಬರೆದಿಟ್ಟಿದ್ದಾನೆ. ಬಾವಿಗಳು ಬತ್ತಿ ಜನ ಮೆಲ್ಲಮೆಲ್ಲನೆ ಕರಗಿದರೆಂದು ಕೆಲವರ ಅಭಿಪ್ರಾಯ. ಭೂಕಂಪವೂ ಕಾರಣವಾಗಿರಬಹುದೆಂದು 2017ರ ಅಧ್ಯಯನವೊಂದು ಹೇಳುತ್ತದೆ. ಒಂದೇ ರಾತ್ರಿಯ ಕಥೆ ಕೇಳಲು ಸೊಗಸು. ಆದರೆ ತೆರಿಗೆಯ ಭಾರ, ನೀರಿನ ಬರ ಇವು ಊರನ್ನು ಬರಿದುಮಾಡಲು ದೆವ್ವದ ನೆರವು ಬೇಕಿಲ್ಲ.

ಇಂದು ಪ್ರವಾಸಿಗಳು ಕುಲಧರೆಗೆ ದೆವ್ವದ ಕಥೆ ಕೇಳಿ ಹೋಗುತ್ತಾರೆ. ಸಾಲುಸಾಲಾಗಿ ನಿಂತ ಕಲ್ಲಿನ ಗೋಡೆಗಳನ್ನು ನೋಡಿ ಮರಳುತ್ತಾರೆ. ನೋಡತಕ್ಕದ್ದು ಇನ್ನೊಂದಿದೆ: ಜೈಸಲ್ಮೇರ್ ಸೀಮೆಯ ಖಡೀನ್‌ಗಳಲ್ಲಿ ಈಗಲೂ ಬೇರೆ ರೈತರು ಬಿತ್ತಿ ಬೆಳೆಯುತ್ತಿದ್ದಾರೆ. ಶತಮಾನಗಳು ಬಾಳಿದ ಮೇಲೂ ಪಾಲೀವಾಲರು ಪಾಲಿಯವರಾಗಿಯೇ ಉಳಿದರು. ಆದರೆ ಪರಸ್ಥಳವೆಂದು ಅವರು ಅಲ್ಲಿನ ನೆಲವನ್ನು ಅಲಕ್ಷಿಸಲಿಲ್ಲ. ಊರಿಂದ ದೂರ ಬಂದು ಮನೆ ಹೂಡಿರುವ ನಾವು ಮಕ್ಕಳಿಗೆ ಹೇಳಬೇಕಾದುದು ಈ ಎರಡನೆಯ ಮಾತನ್ನೂ ಸಹ.