‘ಕಠಿಣ ವಿಚಾರಣೆ’ ಎಂಬ ಹೆಸರಿನ ಹಿಂಸೆ

“ನಾಲ್ಕು ಬಾರಿಸಿದರೆ ಎಲ್ಲವೂ ಹೊರಬರುತ್ತದೆ” ಎಂಬ ಮಾತು ನಮ್ಮ ನಾಡಿನಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಆಡುವವರಿಗೆ ತಾವೊಂದು ಕ್ರೌರ್ಯವನ್ನು ಸಮರ್ಥಿಸುತ್ತಿದ್ದೇವೆ ಎಂಬ ಅರಿವೂ ಇರುವುದಿಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಹುಲಿಹೈದರ ಗ್ರಾಮದಲ್ಲಿ ಗುಂಪು ಘರ್ಷಣೆ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಇಬ್ಬರೂ ಬೇರೆ ಬೇರೆ ಸಮುದಾಯದವರು. ಇಂತಹ ದುರಂತದ ನಂತರ ಯಾವ ಊರಿನಲ್ಲಾದರೂ ಎರಡು ಅಪೇಕ್ಷೆಗಳು ಹುಟ್ಟುತ್ತವೆ: ಆ ಕಡೆಯ ಹುಡುಗರನ್ನು ಠಾಣೆಗೆ ಒಯ್ದು ‘ಸರಿಯಾಗಿ ವಿಚಾರಿಸಲಿ’, ಈ ಕಡೆಯವರ ಮೈ ಮುಟ್ಟದಿರಲಿ. ಒಂದೇ ಎದೆಯಲ್ಲಿ ಒಟ್ಟಿಗೆ ನೆಲೆಸುವ ಈ ಎರಡು ಅಪೇಕ್ಷೆಗಳ ಕುರಿತೇ ನಾವಿಲ್ಲಿ ಮಾತನಾಡಬಯಸುತ್ತೇವೆ. ಒಬ್ಬನ ಮಗನಿಗೆ ಹಿಂಸೆಯಾಗುವುದು ಇನ್ನೊಬ್ಬನ ಮಗನಿಗೆ ವಿಚಾರಣೆಯಾಗಲು ಸಾಧ್ಯವಿಲ್ಲ.

ಮೊದಲು ಹೆಸರಿನ ಪ್ರಶ್ನೆ. ನಿದ್ದೆಗೆಡಿಸುವುದು, ಗಂಟೆಗಟ್ಟಲೆ ನಿಲ್ಲಿಸುವುದು, ತಲೆಕೆಳಗಾಗಿ ತೂಗುಹಾಕುವುದು, ಹೆಂಡತಿ ಮಕ್ಕಳನ್ನು ಎಳೆತರುತ್ತೇವೆಂದು ಬೆದರಿಸುವುದು - ಇವನ್ನೆಲ್ಲ ‘ಕಠಿಣ ವಿಚಾರಣೆ’, ‘ಪೊಲೀಸ್ ಭಾಷೆ’, ‘ಮೂರನೆಯ ದರ್ಜೆಯ ಉಪಚಾರ’ ಎಂದು ಕರೆಯಲಾಗುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆಯೂ ಇಂತಹದೇ ನಯವಾದ ಹೆಸರೊಂದನ್ನು ಇಟ್ಟುಕೊಂಡಿತ್ತು. ಆದರೆ 1984ರ ವಿಶ್ವಸಂಸ್ಥೆಯ ಒಡಂಬಡಿಕೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾಹಿತಿ ಅಥವಾ ತಪ್ಪೊಪ್ಪಿಗೆ ಪಡೆಯುವಂತಹ ಉದ್ದೇಶದಿಂದ ಸರಕಾರಿ ಅಧಿಕಾರಿಯು ಬೇಕೆಂದೇ ದೇಹಕ್ಕಾಗಲಿ ಮನಸ್ಸಿಗಾಗಲಿ ತೀವ್ರ ನೋವುಂಟುಮಾಡಿದರೆ ಅದು ಚಿತ್ರಹಿಂಸೆಯೇ. ಭಾರತವು 1997ರಲ್ಲಿ ಇದಕ್ಕೆ ಸಹಿ ಹಾಕಿತು. ಅಂಗೀಕಾರ ಮಾತ್ರ ಇನ್ನೂ ಬಾಕಿಯಿದೆ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆಯೂ ಕಾನೂನಾಗದೆ ಉಳಿಯಿತು.

ಇಸ್ಲಾಮಿನ ನಿಲುವು ಈ ಒಡಂಬಡಿಕೆಗಿಂತ ಹದಿಮೂರು ಶತಮಾನಗಳಷ್ಟು ಹಳೆಯದು. ಸಹೀಹ್ ಮುಸ್ಲಿಮ್‌ನಲ್ಲಿ ಒಂದು ವರದಿಯಿದೆ. ಸಿರಿಯಾದಲ್ಲಿ ತೆರಿಗೆ ಬಾಕಿಗಾಗಿ ಕೆಲವು ರೈತರನ್ನು ಬಿಸಿಲಿನಲ್ಲಿ ನಿಲ್ಲಿಸಲಾಗಿತ್ತು. ಅವರು ಮುಸ್ಲಿಮರಾಗಿರಲಿಲ್ಲ. ಆ ದಾರಿಯಾಗಿ ಬಂದ ಹಿಶಾಮ್ ಬಿನ್ ಹಕೀಮ್(ರ) ಅಲ್ಲಿಯೇ ನಿಂತು, ಇಹಲೋಕದಲ್ಲಿ ಜನರನ್ನು ಹಿಂಸಿಸುವವರನ್ನು ಅಲ್ಲಾಹನು ಶಿಕ್ಷಿಸುವನೆಂಬ ಪ್ರವಾದಿವರ್ಯರ(ಸ) ಎಚ್ಚರಿಕೆಯನ್ನು ಕೇಳಿಸಿದರು. ಬಳಿಕ ಆಡಳಿತಾಧಿಕಾರಿಯ ಬಳಿಗೂ ಹೋಗಿ ಅದನ್ನೇ ಹೇಳಿದರು. ರೈತರ ಬಿಡುಗಡೆಯಾಯಿತು. ಗಮನಿಸಬೇಕಾದದ್ದು ಇಷ್ಟು: ಹಿಶಾಮ್(ರ) ಅವರು ಆ ರೈತರ ಧರ್ಮ ಯಾವುದೆಂದಾಗಲಿ, ಬಾಕಿ ನಿಜವೇ ಎಂದಾಗಲಿ ವಿಚಾರಿಸಲಿಲ್ಲ. ಮನುಷ್ಯರನ್ನು ಬಿಸಿಲಿನಲ್ಲಿ ನಿಲ್ಲಿಸಲಾಗಿದೆ ಎಂಬುದಷ್ಟೇ ಅವರಿಗೆ ಸಾಕಾಗಿತ್ತು.

ಇನ್ನು, ‘ಹಿಂಸೆಯಿಂದ ಸತ್ಯ ಹೊರಬರುತ್ತದೆ’ ಎಂಬ ವಾದವನ್ನು ಪರಿಶೀಲಿಸೋಣ. ಮಕ್ಕಾದ ಮುಶ್ರಿಕರು ಅಮ್ಮಾರ್ ಬಿನ್ ಯಾಸಿರ್(ರ) ಅವರನ್ನು ಹಿಂಸಿಸಿದಾಗ ಅವರ ಬಾಯಿಂದ ಹೊರಬಂದದ್ದು ಪೀಡಕರಿಗೆ ಬೇಕಾಗಿದ್ದ ಮಾತು. ಹೃದಯ ಮಾತ್ರ ಈಮಾನಿನಲ್ಲಿ ದೃಢವಾಗಿತ್ತು. ಸೂರಃ ಅನ್ನಹ್ಲ್‌ನ 106ನೆಯ ಸೂಕ್ತವು ಹೀಗೆ ಬಲಾತ್ಕಾರಕ್ಕೊಳಗಾಗಿ ಆಡಿದವರನ್ನು ದೋಷದಿಂದ ಮುಕ್ತಗೊಳಿಸಿತು. ನೋವಿನಲ್ಲಿ ಆಡಿದ ಮಾತು ಅಲ್ಲಾಹನ ಸನ್ನಿಧಿಯಲ್ಲಿಯೇ ಸಾಕ್ಷ್ಯವಲ್ಲವೆಂದ ಮೇಲೆ, ಠಾಣೆಯ ಕಡತದಲ್ಲಿ ಅದು ಸಾಕ್ಷ್ಯವಾಗುವುದು ಹೇಗೆ? ಹಸಿವು, ಭಯ, ಬಂಧನಕ್ಕೆ ಸಿಕ್ಕವನು ತನ್ನ ವಿರುದ್ಧ ತಾನೇ ಏನನ್ನಾದರೂ ಒಪ್ಪಿಕೊಂಡಾನೆಂಬ ಅಭಿಪ್ರಾಯ ಖಲೀಫ ಉಮರ್(ರ) ಅವರದೆಂದು ವರದಿಯಾಗಿದೆ.

ಅಬೂದಾವೂದ್‌ನ ಹದೀಸೊಂದರಲ್ಲಿ, ಕಳವಾದ ವಸ್ತುವಿಗಾಗಿ ಕೆಲವು ನೇಕಾರರ ಮೇಲೆ ಸಂಶಯಪಟ್ಟವರು ಅವರನ್ನು ನುಅ್‌ಮಾನ್ ಬಿನ್ ಬಶೀರ್(ರ) ಅವರ ಮುಂದೆ ತಂದರು. ಕೆಲವು ದಿನ ಇರಿಸಿಕೊಂಡು ಅವರು ಬಿಟ್ಟುಬಿಟ್ಟರು. ಹೊಡೆಯದೆ ಬಿಟ್ಟಿರೇಕೆ ಎಂದು ದೂರುದಾರರು ಆಕ್ಷೇಪಿಸಿದಾಗ ಅವರು ಷರತ್ತೊಂದನ್ನು ಮುಂದಿಟ್ಟರು: ಹೊಡೆಯುತ್ತೇನೆ, ಆದರೆ ವಸ್ತು ದೊರೆಯದಿದ್ದರೆ ಅಷ್ಟೇ ಏಟುಗಳು ನಿಮ್ಮ ಬೆನ್ನಿಗೂ ಬೀಳುತ್ತವೆ. ‘ನಾಲ್ಕು ಬಾರಿಸಿ’ ಎನ್ನುವ ನಮ್ಮೂರ ಮಂದಿ ಈ ಷರತ್ತಿಗೆ ಒಪ್ಪಿಯಾರೇ? ನಂತರದ ಕೆಲವು ನ್ಯಾಯಶಾಸ್ತ್ರಜ್ಞರು ಕುಖ್ಯಾತ ಆರೋಪಿಗಳ ವಿಷಯದಲ್ಲಿ ಸಡಿಲಿಕೆ ತೋರಿದ್ದುಂಟು. ಅದಕ್ಕೆ ಇಮಾಮ್ ಗಝ್ಝಾಲಿಯವರು ‘ಅಲ್ ಮುಸ್ತಸ್ಫಾ’ದಲ್ಲಿ ಕೊಟ್ಟ ಉತ್ತರ ಇಂದಿಗೂ ಸಾಕು: ಆರೋಪಿ ನಿರಪರಾಧಿಯಾಗಿರಬಹುದು, ಅಪರಾಧಿಯೊಬ್ಬನು ಏಟಿನಿಂದ ಪಾರಾಗುವುದು ನಿರಪರಾಧಿಯೊಬ್ಬನು ಏಟು ತಿನ್ನುವುದಕ್ಕಿಂತ ಹಗುರವಾದ ಸಂಗತಿ.

‘ಇದೆಲ್ಲ ಹಳೆಯ ಮಾತು, ವಾಸ್ತವ ಬೇರೆ’ ಎನ್ನುವವರು ನಮ್ಮ ರಾಜ್ಯದ ವಾಸ್ತವವನ್ನೇ ನೋಡಲಿ. ವೀರಪ್ಪನ್ ಬೇಟೆಗಾಗಿ ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ಕಾರ್ಯಪಡೆ ಇಳಿದ ಕಾಲದಲ್ಲಿ, ಮಲೆ ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯಲಾಗುತ್ತಿದ್ದ ಒಂದು ತಾಣವಿತ್ತು. ಅಲ್ಲಿ ವಿದ್ಯುತ್ ಆಘಾತ ನೀಡಿದುದನ್ನೂ ತೂಗುಹಾಕಿ ಹೊಡೆದುದನ್ನೂ ಕಾಡಂಚಿನ ಬಡ ಹಳ್ಳಿಗರು, ಹೆಂಗಸರೂ ಸೇರಿದಂತೆ, ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯ ಮುಂದೆ ಹೇಳಿಕೊಂಡರು. ಟಾಡಾ ಕಾಯ್ದೆಯಡಿ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವರಲ್ಲಿ ಬಹುತೇಕರನ್ನು ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಬಿಡುಗಡೆ ಮಾಡಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಇಷ್ಟು ಹಿಂಸೆಯಿಂದ ವೀರಪ್ಪನ್ ಸಿಕ್ಕಿದನೇ? ಇಲ್ಲ. 2004ರ ಅಕ್ಟೋಬರ್ 18ರಂದು ಅವನು ಹತನಾದದ್ದು ಅವನ ತಂಡದ ವಿಶ್ವಾಸ ಗಳಿಸಿದ ಗೂಢಚಾರರ ತಾಳ್ಮೆಯಿಂದ. ಕಣ್ಣಿನ ಚಿಕಿತ್ಸೆಯ ನೆಪದಲ್ಲಿ ಅವನನ್ನು ಕಾಡಿನಿಂದ ಹೊರತಂದ ಆಂಬುಲೆನ್ಸನ್ನು ಓಡಿಸುತ್ತಿದ್ದವನೇ ಪೊಲೀಸ್. ಹಳ್ಳಿಗರ ಮೈಮೇಲೆ ಬಿದ್ದ ಏಟುಗಳು ವರ್ಷಾನುಗಟ್ಟಲೆ ಸಾಧಿಸದ್ದನ್ನು ಬುದ್ಧಿ ಸಾಧಿಸಿತು. ಹೊಡೆಸಿಕೊಂಡ ಹಳ್ಳಿಗನು ಪೊಲೀಸರಿಗೆ ಮಾಹಿತಿ ಕೊಡುವ ಮನಸ್ಸನ್ನೂ ಕಳೆದುಕೊಳ್ಳುತ್ತಾನೆಂಬ ಸರಳ ಲೆಕ್ಕ ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಲಾಠಿಗೆ ಬದಲು ಸೂಜಿ ಬಂದಾಗಲೂ ಕಥೆ ಬದಲಾಗಲಿಲ್ಲ. ಮಂಪರು ಪರೀಕ್ಷೆಗೆ ಬೆಂಗಳೂರಿನ ಪ್ರಯೋಗಾಲಯ ದೇಶದಲ್ಲೇ ಹೆಸರಾಗಿತ್ತು. ‘ಇದರಲ್ಲಿ ಹೊಡೆತವೇ ಇಲ್ಲವಲ್ಲ’ ಎಂಬುದು ಸಮರ್ಥಕರ ವಾದ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಔಷಧದ ಅಮಲಿನಲ್ಲಿ ಮನುಷ್ಯ ಕಲ್ಪನೆಯನ್ನೂ ನುಡಿಯಬಲ್ಲನು, ಪ್ರಶ್ನಿಸುವವನು ಸೂಚಿಸಿದ್ದನ್ನೂ ನುಡಿಯಬಲ್ಲನು.

ಹೊರಗಿನ ಜಗತ್ತಿನ ಅನುಭವವೂ ಇದೇ. ಇರಾಕ್ ಮತ್ತು ಅಲ್‌ಖಾಇದಾ ನಡುವೆ ನಂಟಿದೆ ಎಂದು ಅಲ್‌ಲೀಬಿ ಎಂಬ ಬಂಧಿತನಿಂದ ಬಲವಂತವಾಗಿ ಪಡೆದ ಹೇಳಿಕೆಯನ್ನು ಅಮೆರಿಕ 2003ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಬಳಸಿತು. ಅನಂತರ ಆತ ಅದು ಸುಳ್ಳೆಂದು ಹಿಂತೆಗೆದುಕೊಂಡನು. ಅಷ್ಟರಲ್ಲಿ ಇರಾಕ್ ಹೊತ್ತಿ ಉರಿದಿತ್ತು. ಇನ್ನೊಬ್ಬ ಬಂಧಿತನನ್ನು ಅವರು 183 ಬಾರಿ ನೀರಿನಿಂದ ಉಸಿರುಗಟ್ಟಿಸಿದರು. ಈ ವಿಧಾನಗಳು ಮಾಹಿತಿ ಪಡೆಯಲು ಪರಿಣಾಮಕಾರಿಯಲ್ಲವೆಂದು 2014ರ ಡಿಸೆಂಬರ್‌ನಲ್ಲಿ ಹೇಳಿದ್ದು ಆ ದೇಶದ ಸೆನೆಟ್ ಸಮಿತಿಯ ವರದಿಯೇ.

‘ಬಾಂಬು ಸಿಡಿಯಲಿದೆ, ಸ್ಥಳ ಬಲ್ಲವನು ಕೈಯಲ್ಲಿದ್ದಾನೆ, ಆಗಲೂ ಸುಮ್ಮನಿರಬೇಕೇ?’ ಎಂಬ ಪ್ರಶ್ನೆಯನ್ನು ಕೇಳಲಾಗುತ್ತದೆ. ಈ ಪ್ರಶ್ನೆ ಎಲ್ಲವನ್ನೂ ಮೊದಲೇ ಖಚಿತವೆಂದು ಭಾವಿಸಿದೆ: ಇವನೇ ಆ ವ್ಯಕ್ತಿ, ಇವನಿಗೆ ಗೊತ್ತು, ಇವನು ನಿಜ ಹೇಳುವನು. ಠಾಣೆಯಲ್ಲಿ ಇವು ಮೂರೂ ಸಂಶಯದಲ್ಲಿಯೇ ಇರುತ್ತವೆ. ಬಾಂಬಿಗೆಂದು ತೆರೆದ ಬಾಗಿಲಿನಿಂದ ಒಳಗೆ ತಳ್ಳಲ್ಪಡುವವನು ಕೊನೆಗೆ ಕೋಳಿ ಕದ್ದ ಆರೋಪ ಹೊತ್ತ ಕೂಲಿಕಾರ.

ಹಿಂಸೆಯ ಮೊದಲ ಬಲಿ ಆರೋಪಿ. ಎರಡನೆಯ ಬಲಿ ಸಂತ್ರಸ್ತನ ನ್ಯಾಯ. 2007ರ ಮೇ 18ರ ಶುಕ್ರವಾರ ಹೈದರಾಬಾದಿನ ಮಕ್ಕಾ ಮಸೀದಿಯಲ್ಲಿ ಸ್ಫೋಟವಾಯಿತು. ಪೊಲೀಸರು ಹಿಡಿದೊಯ್ದ ಮುಸ್ಲಿಮ್ ಯುವಕರು ತಮ್ಮನ್ನು ಹಿಂಸಿಸಲಾಯಿತೆಂದರು. ಮುಂದೆ ದೋಷಮುಕ್ತರಾದ ಅವರಿಗೆ ಸರಕಾರ ಪರಿಹಾರವನ್ನೂ ಕೊಟ್ಟಿತು. ಬಳಿಕ ಸ್ವಾಮಿ ಅಸೀಮಾನಂದರ ತಪ್ಪೊಪ್ಪಿಗೆ ಬಂತು. ಅದು ಒತ್ತಡದಿಂದ ಪಡೆದದ್ದೆಂದು ಅವರೂ ಹಿಂತೆಗೆದುಕೊಂಡರು. 2018ರಲ್ಲಿ ವಿಚಾರಣೆ ಎದುರಿಸಿದ ಐವರೂ ಬಿಡುಗಡೆಯಾದರು. ನಮಾಝಿಗೆ ಬಂದವರನ್ನು ಕೊಂದವರು ಯಾರು? ಆ ತೀರ್ಪಿನಲ್ಲಿ ಉತ್ತರವಿಲ್ಲ. ನಮ್ಮ ಯುವಕರ ಹೇಳಿಕೆ ಬಲವಂತದ್ದೆಂದು ನಂಬುವ ನಾವು, ಅಸೀಮಾನಂದರು ಅದೇ ದೂರನ್ನು ಹೇಳಿದಾಗ ನಗಲಾಗದು. ಅವರ ಮಾತು ನಿಜವೋ ಅಲ್ಲವೋ ಎಂಬುದು ಬೇರೆ. ಅಳೆಯುವ ಕೋಲು ಒಂದೇ ಆಗಿರಬೇಕು. ಒಂದು ಜನಾಂಗದ ಮೇಲಿನ ಹಗೆತನವು ನ್ಯಾಯದಿಂದ ವಿಮುಖರಾಗಲು ಕಾರಣವಾಗದಿರಲೆಂದು ಸೂರಃ ಅಲ್ ಮಾಇದಃದ 8ನೆಯ ಸೂಕ್ತವು ಆಜ್ಞಾಪಿಸುವುದು ಇಂತಹ ಸಂದರ್ಭಕ್ಕೇ. ಅದೇ ಕೋಲು ಮುಸ್ಲಿಮ್ ಆಳರಸರಿಗೂ ಅನ್ವಯಿಸಬೇಕು. 2024ರ ಡಿಸೆಂಬರ್‌ನಲ್ಲಿ ಸಿರಿಯಾದ ಸೈದ್‌ನಾಯಾ ಸೆರೆಮನೆಯ ಬಾಗಿಲುಗಳು ತೆರೆದಾಗ ಜಗತ್ತು ಕಂಡದ್ದು, ಹಿಶಾಮ್(ರ) ಅವರು ಎಚ್ಚರಿಸಿದ ಅದೇ ನಾಡಿನಲ್ಲಿ ನಡೆದ ಘೋರ ಪಾಪ.

ಹಾಗಾದರೆ ನಮ್ಮ ಕರ್ತವ್ಯವೇನು? ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲವೆಂದು ನಮ್ಮ ಸಾಕ್ಷ್ಯ ಕಾನೂನು ಹಿಂದಿನಿಂದಲೂ ಹೇಳುತ್ತ ಬಂದಿದೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು ಸುಪ್ರೀಮ್ ಕೋರ್ಟ್ 2020ರಲ್ಲಿ ಆದೇಶಿಸಿದೆ. ಇವನ್ನು ಪ್ರತಿಯೊಂದು ಜಮಾಅತ್ ತಿಳಿದಿರಬೇಕು. ಬಂಧಿತನು ಯಾವ ಓಣಿಯವನೇ ಆಗಿರಲಿ, ಅವನ ಪರವಾಗಿ ಇವನ್ನು ಕೇಳಬೇಕು. ಹುಲಿಹೈದರದಂತಹ ಊರಿನಲ್ಲಿ ಮಸೀದಿಯ ಹಿರಿಯರು ನೆರೆಯ ಓಣಿಯ ಹುಡುಗನಿಗಾಗಿ ಠಾಣೆಯ ಮೆಟ್ಟಿಲೇರಿದ ದಿನ ಹಿಶಾಮ್(ರ) ಅವರ ಹದೀಸು ಅಲ್ಲಿ ಜೀವ ತಳೆಯುತ್ತದೆ. ತಪ್ಪಿತಸ್ಥನಿಗೆ ಶಿಕ್ಷೆಯಾಗಲೇಬೇಕು. ಆದರೆ ಅದು ಸಾಕ್ಷ್ಯದಿಂದ, ನ್ಯಾಯಾಧೀಶರ ಬಾಯಿಂದ.

ಅಲ್ಲಾಹನು ನಮ್ಮನ್ನು ಮರ್ದಿತರ ಜೊತೆ ನಿಲ್ಲುವವರನ್ನಾಗಿ ಮಾಡಲಿ, ಮರ್ದಕರನ್ನು ಮೆಚ್ಚುವುದರಿಂದ ಕಾಪಾಡಲಿ. ಆಮೀನ್.