ಜೀಪು ಕಂಡಂ ಆಯಿತು, ಭಯ ಕಂಡಂ ಆಗಲಿಲ್ಲ

ಪೊಲೀಸ್ ಇಲಾಖೆ ತನ್ನ ಹಳೇ ಜೀಪುಗಳನ್ನು ಹರಾಜು ಹಾಕುತ್ತದೆ. ಎಂಜಿನ್ ಸವೆದು, ತಳ ತುಕ್ಕು ಹಿಡಿದು, ಸರ್ಕಾರದ ಲೆಕ್ಕದಲ್ಲಿ ಕಂಡಂ ಅಂತ ಬರೆಸಿಕೊಂಡ ಗಾಡಿಗಳು. ಹೆಚ್ಚು ಬೆಲೆ ಕೂಗಿದವನು ಹೊಡೆದುಕೊಂಡು ಹೋಗುತ್ತಾನೆ. ಇದರಲ್ಲಿ ತಪ್ಪೇನು ಅಂತ ಕೇಳಬಹುದು. ಜೀಪು ಮಾರುವುದರಲ್ಲಿ ತಪ್ಪೇನಿಲ್ಲ. ಆದರೆ ಜೀಪಿನ ಜೊತೆಗೆ ಇನ್ನೊಂದು ಸರಕೂ ಕೈ ಬದಲಾಗುತ್ತದಲ್ಲ, ನಮ್ಮ ತಕರಾರು ಅದರ ಬಗ್ಗೆ. ಆ ಸರಕಿನ ಹೆಸರು ಭಯ. ಹರಾಜು ಪಟ್ಟಿಯಲ್ಲಿ ಅದಕ್ಕೆ ಬೆಲೆ ಕಟ್ಟಿರುವುದಿಲ್ಲ. ಕೊಂಡವನಿಗೆ ಅದು ಪುಕ್ಕಟೆ.

ಪೇಟೆಯ ಕಾಂಪೌಂಡಿನೊಳಗೆ ಕೂತವರಿಗೆ ಪೊಲೀಸ್ ಜೀಪು ಅಂದರೆ ರಕ್ಷಣೆ ಇರಬಹುದು. ಕೇರಿಯವರಿಗೆ ಅದು ನಿದ್ದೆಗಣ್ಣಲ್ಲಿ ಎಬ್ಬಿಸಿಕೊಂಡು ಹೋಗುವ ಗಾಡಿ. ದಣಿಯ ತೋಟದಲ್ಲಿ ತೆಂಗಿನಕಾಯಿ ಕಳುವಾದರೆ ಅದು ಮೊದಲು ಬಂದು ನಿಲ್ಲುವುದು ನಮ್ಮ ಗುಡಿಸಲ ಮುಂದೆ. ನಮ್ಮ ಗುಡಿಸಲಿಗೆ ಬೆಂಕಿ ಬಿದ್ದರೆ ಬೂದಿ ಆರಿದ ಮೇಲೆ ಬರುತ್ತದೆ. 2000ದ ಮಾರ್ಚ್ 11ರಂದು ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ಕೋರ್ಟು ಎಲ್ಲ ಆರೋಪಿಗಳನ್ನೂ ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ಊರಲ್ಲಿ, ಅದೇ ಬಲಿಷ್ಠರ ನಡುವೆ ನಾಳೆಯೂ ಬಾಳಬೇಕಾದ ಬಡವ ಬಾಯಿ ಬಿಡುವುದು ಎಷ್ಟು ಕಷ್ಟ ಅನ್ನುವುದು ಕೇರಿಗೆ ಗೊತ್ತು. ಭಯ ಅನ್ನುವುದು ಮನಸ್ಸಿನೊಳಗಿನ ಮಾತು ಅಂತ ತಳ್ಳಿಹಾಕುವವರು ಇದನ್ನು ನೋಡಲಿ. ಭಯ ಈ ನಾಡಿನಲ್ಲಿ ಆಡಳಿತ ಮಾಡುತ್ತದೆ.

ಇಂಥ ಭಯ ಹೊತ್ತು ತಿರುಗಿದ ಗಾಡಿಯನ್ನು ಊರಿನ ಬಡ್ಡಿ ಸಾಹುಕಾರನೋ, ಮರಳು ಗುತ್ತಿಗೆದಾರನೋ, ಪುಢಾರಿಯ ಮಗನೋ ಕೊಂಡ ಅಂತ ಇಟ್ಟುಕೊಳ್ಳಿ. ಇಲಾಖೆಯ ಬಣ್ಣ ಹಾಗೇ ಇದೆ. ಬಾಗಿಲ ಮೇಲಿನ ಅಕ್ಷರ ಕೆರೆದಿದ್ದಾನೆ, ಆದರೆ ಅಕ್ಷರ ಇದ್ದ ಜಾಗ ಬಿಸಿಲಿಗೆ ಮಾಸಿಲ್ಲ. ದೂರದಿಂದಲೇ 'ಪೊಲೀಸ್' ಅಂತ ಓದಬಹುದು. ಸಾಲ ವಸೂಲಿಗೆ ಅವನು ಅದರಲ್ಲೇ ಕೇರಿಗೆ ಬರ್ತಾನೆ. ಅವನು ಬಾಯಿ ತೆರೆಯುವುದೇ ಬೇಡ. ಗಾಡಿಯೇ ಮಾತಾಡುತ್ತೆ. ಮಕ್ಕಳು ಒಳಗೆ ಓಡುತ್ತವೆ, ಗಂಡಸರು ಹಿತ್ತಲ ಕಡೆ ಜಾರುತ್ತಾರೆ, ಮನೆಯ ಹೆಂಗಸು ಕೈ ಮುಗಿದು ನಿಲ್ಲುತ್ತಾಳೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಸಂತೋಷ. ಆದರೆ ಸರ್ಕಾರವೇ ಹರಾಜಿನಲ್ಲಿ ಕೊಟ್ಟ ಗಾಡಿ ಆ ಕಿರುಕುಳದ ಸಲಕರಣೆ ಆದರೆ ಕೇಳುವವರು ಯಾರು?

'ದುಡ್ಡು ಕೊಟ್ಟು ಕೊಂಡಿದ್ದೀವಿ, ಹೆಂಗಾದ್ರೂ ಇಟ್ಕೋತೀವಿ' ಅನ್ನುವವರಿದ್ದಾರೆ. ಸ್ವಾಮಿ, ನೀವು ಕೊಂಡಿದ್ದು ಕಬ್ಬಿಣ, ರಬ್ಬರು, ನಾಲ್ಕು ಚಕ್ರ. ಅಧಿಕಾರವನ್ನು ಯಾರೂ ನಿಮಗೆ ಮಾರಿಲ್ಲ. ಮಾರುವ ಹಕ್ಕು ಇಲಾಖೆಗೂ ಇಲ್ಲ. ಅದು ಸಂವಿಧಾನದ ಹೆಸರಲ್ಲಿ ಜನ ಕೊಟ್ಟ ಎರವಲು. ಎರವಲು ತಂದ ಮಾಲನ್ನು ಹರಾಜು ಹಾಕುವುದು ಯಾವ ಊರಿನ ನ್ಯಾಯ?

'ಇದು ಸಣ್ಣ ವಿಷಯ, ಬಣ್ಣಕ್ಕೆ ಯಾಕಿಷ್ಟು ಬೊಬ್ಬೆ' ಅನ್ನುವವರು ಕೆನಡಾ ದೇಶದ ಕಡೆ ನೋಡಲಿ. ಅಲ್ಲಿನ ನೋವಾ ಸ್ಕೋಷಿಯಾ ಪ್ರಾಂತದಲ್ಲಿ 2020ರ ಏಪ್ರಿಲ್ 18 ಮತ್ತು 19ರಂದು ಒಬ್ಬ ಮನುಷ್ಯ 22 ಜನರನ್ನು ಕೊಂದ. ಅವನು ಓಡಾಡಿದ್ದು ಸರ್ಕಾರದ ಹರಾಜಿನಲ್ಲಿ ಕೊಂಡ ಹಳೇ ಪೊಲೀಸ್ ಕಾರಿಗೆ ಮತ್ತೆ ಪಟ್ಟಿ, ಅಕ್ಷರ, ದೀಪ ಅಂಟಿಸಿಕೊಂಡು. ಜೊತೆಗೆ ಪೊಲೀಸ್ ಉಡುಪು. ಆಮೇಲೆ ಅಲ್ಲಿ ಕಣ್ಣು ತೆರೆದರು. 2021ರಲ್ಲಿ ಹಳೇ ಪೊಲೀಸ್ ಕಾರು ಮಾರುವುದನ್ನು ತಡೆಹಿಡಿದರು. ಪೊಲೀಸರ ಗುರುತು, ಉಡುಪು, ಸಲಕರಣೆ ಯಾರ ಕೈಲಿರಬೇಕು ಅಂತ ಆ ಪ್ರಾಂತ ಕಾನೂನು ಮಾಡಿತು. 22 ಹೆಣ ಬಿದ್ದ ಮೇಲೆ ಬಂದ ಬುದ್ಧಿ ಅದು. ನಮ್ಮಲ್ಲಿ ಎಷ್ಟು ಬೀಳಬೇಕು?

ಕಾನೂನು ನಮ್ಮಲ್ಲೂ ಇಲ್ಲದೇ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 57ನೇ ನಿಯಮದ ಪ್ರಕಾರ, ಸರ್ಕಾರಿ ಹರಾಜಿನಲ್ಲಿ ಗಾಡಿ ಕೊಂಡವನು ಅದು ಕೈಗೆ ಬಂದ 30 ದಿನದೊಳಗೆ ನಮೂನೆ 32ರಲ್ಲಿ ಆರ್‌ಟಿಓಗೆ ಅರ್ಜಿ ಹಾಕಿ ಹೆಸರು ಬದಲಾಯಿಸಿಕೊಳ್ಳಬೇಕು. ಸ್ವರ ಬದಲಿಸುವ ಸೈರನ್ನು ಆಂಬುಲೆನ್ಸು, ಬೆಂಕಿ ಆರಿಸುವ ಗಾಡಿ, ಪೊಲೀಸ್ ಗಾಡಿ ಮುಂತಾದವಕ್ಕೆ ಬಿಟ್ಟು ಇನ್ನೊಬ್ಬರಿಗಿಲ್ಲ. 2017ರ ಮೇ 1ರಿಂದ ಮಂತ್ರಿಗಳ ಗೂಟದ ಕಾರಿನ ಗೂಟವೇ ಹೋಯಿತು. ಮಂತ್ರಿಗಿಲ್ಲದ ಗೂಟ ಸಾಹುಕಾರನಿಗೆ ಎಲ್ಲಿಂದ ಬರಬೇಕು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮು ಸರ್ಕಾರಿ ನೌಕರನ ಸೋಗು ಹಾಕಿ ಆ ಹೆಸರಲ್ಲಿ ಕೆಲಸ ಮಾಡುವವನಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು ಹೇಳುತ್ತದೆ. ಮೋಸದ ಉದ್ದೇಶದಿಂದ ಸರ್ಕಾರಿ ನೌಕರನ ಉಡುಪು, ಗುರುತು ಬಳಸಿದರೆ 205ನೇ ಕಲಮು ಇದೆ. ಅವಮಾನ ಮಾಡಲೆಂದೇ ದಲಿತರನ್ನು ನಾಲ್ಕು ಜನ ಕಾಣುವಲ್ಲಿ ಬೆದರಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ.

2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣವೂ ನಿಂತಿದೆ, ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಹಾಗಾದರೆ ಪ್ರಶ್ನೆ ಮುಗೀತಲ್ಲ ಅನ್ನಬಹುದು. ಮುಗಿದಿಲ್ಲ. ಅದಕ್ಕೂ ಮೊದಲೇ ಹರಾಜಾಗಿ ಊರು ಸೇರಿದವು ಇವೆ. 15 ತುಂಬುವ ಮುಂಚೆಯೇ ಕಂಡಂ ಆಗುವವೂ ಇವೆ.

ಹಳೇ ಪೊಲೀಸ್ ಜೀಪು ಯಾರೂ ಕೊಳ್ಳಬೇಡಿ ಅಂತ ನಾವು ಹೇಳುತ್ತಿಲ್ಲ. ಹೊಸ ಗಾಡಿಗೆ ಕೈ ಎಟುಕದ ರೈತ, ಹಳ್ಳಿ ಮೇಷ್ಟ್ರು, ಸಂಘಟನೆಯ ಹುಡುಗರು ಕೊಳ್ಳಲಿ. ರಾಗಿ ಮೂಟೆ ಹೇರಲಿ, ಹೆರಿಗೆ ನೋವು ಬಂದವಳನ್ನು ಆಸ್ಪತ್ರೆಗೆ ಮುಟ್ಟಿಸಲಿ. ಆದರೆ ಕೊಂಡವರಿಗೆ ಒಂದು ಹೊಣೆ ಇದೆ. ಹರಾಜಿನ ಕಾಗದ ಪೂರ್ತಿ ಇಸಿದುಕೊಳ್ಳಿ. ಹೆಸರು ಬದಲಾಯಿಸಿ, ವಿಮೆ ಕಟ್ಟಿ, ಬ್ರೇಕು ಸ್ಟೇರಿಂಗು ರಿಪೇರಿ ಮಾಡಿಸಿ ಆಮೇಲೆ ರಸ್ತೆಗಿಳಿಸಿ. ಗೂಟ, ಸೈರನ್, ಮೈಕು, ವೈರ್‌ಲೆಸ್ಸಿನ ಕಂಬಿ ಏನೇ ಉಳಿದಿದ್ದರೂ ಬಿಚ್ಚಿ. ಸ್ಟಿಕ್ಕರು ಕಿತ್ತರೆ ಸಾಲದು, ಅಕ್ಷರದ ನೆರಳು ಉಳಿಯುತ್ತೆ. ಪೂರ್ತಿ ಬೇರೆ ಬಣ್ಣ ಹೊಡೆಸಿ, ಆ ಬಣ್ಣವನ್ನು ಆರ್‌ಸಿಯಲ್ಲಿ ಬರೆಸಿ. 'ಪೊಲೀಸ್ ಜೀಪು ಕಣೋ' ಅಂತ ಮೀಸೆ ತಿರುವುವ ಚಪಲ ನಮ್ಮ ಹುಡುಗರಿಗೂ ಬರಬಹುದು. ಬೇಡ, ತಮ್ಮಂದಿರಾ. ನಮ್ಮ ಅಪ್ಪಂದಿರ ಬೆನ್ನ ಮೇಲೆ ಬಿದ್ದ ಲಾಠಿಯನ್ನು ಎತ್ತಿಕೊಂಡು ಅಲಂಕಾರಕ್ಕೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಬಿಡುಗಡೆ ಆಗುವುದಿಲ್ಲ. ಎದುರಿಗೆ ಬಂದವಳು ನಿಮ್ಮ ಗಾಡಿ ನೋಡಿ ದಾರಿ ಬಿಟ್ಟು ನಿಂತರೆ, ಅವಳು ಯಾರದೋ ತಾಯಿ ಅನ್ನುವುದು ನೆನಪಿರಲಿ.

ಕೊಂಡವರ ಒಳ್ಳೇತನ ಒಂದನ್ನೇ ನಂಬಿ ಕೂರಲಾಗುವುದಿಲ್ಲ. ಸರ್ಕಾರಕ್ಕೆ ನಾವು ಹೇಳುವುದು ಇಷ್ಟೆ. ಸೈನ್ಯದ ಹಸಿರು ಬಣ್ಣವನ್ನು ಬೇರೆ ಯಾರೂ ಗಾಡಿಗೆ ಹೊಡೆಯಬಾರದು ಅಂತ ಅದೇ ಕೇಂದ್ರ ನಿಯಮಗಳ 121ನೇ ನಿಯಮ ಹೇಳುತ್ತದೆ. ಪೊಲೀಸ್ ಗಾಡಿಗೂ ಆ ಎಚ್ಚರ ಸಲ್ಲಬೇಕು. ಇಲಾಖೆ ತನ್ನ ಖರ್ಚಿನಲ್ಲೇ ಬಣ್ಣ, ಅಕ್ಷರ, ಲಾಂಛನ ಎಲ್ಲ ಅಳಿಸಿದ ಮೇಲೆಯೇ ಗಾಡಿ ಹೊರಗೆ ಬಿಡಬೇಕು. ಯಾವ ಗಾಡಿ ಯಾರಿಗೆ ಹೋಯಿತು ಅನ್ನುವ ಪಟ್ಟಿ ಆಯಾ ಠಾಣೆಯ ಗೋಡೆ ಮೇಲೆ ಇರಬೇಕು.

ಅಲ್ಲಿಯವರೆಗೆ ಕೇರಿ ಏನು ಮಾಡಬೇಕು? ಕೇಳುವುದನ್ನು ಕಲಿಯಬೇಕು. 1923ರಲ್ಲೇ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು ಠರಾವು ಮಾಡಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ನಡೆದುಹೋಗಿ ಬೊಗಸೆ ನೀರು ಎತ್ತಬೇಕಾಯಿತು. ಕಾಗದದ ಮೇಲಿನ ಹಕ್ಕು ಕಾಲಿನಿಂದ ನಡೆದರೇನೇ ಹಕ್ಕು. ಬಂಧಿಸಲು ಬಂದ ನಿಜವಾದ ಪೊಲೀಸಿನವನಿಗೇ ಎದೆಯ ಮೇಲೆ ಹೆಸರು ಸ್ಪಷ್ಟ ಕಾಣಬೇಕು ಅಂತ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಇವತ್ತು ಅದು ಶಾಸನದಲ್ಲೂ ಇದೆ. ಅಂದಮೇಲೆ ಬಣ್ಣದ ಹಿಂದೆ ಅಡಗಿ ಬಂದವನಿಗೆ ಹೆದರುವುದೇತಕ್ಕೆ? ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಇದನ್ನು ಕೇರಿಯ ಜಗಲಿ ಮೇಲೆ ಓದಿ ಹೇಳಿ. ಜೀಪು ಬಂದು ನಿಂತರೆ ಓಡುವುದು ಬೇಡ. ನಾಲ್ಕು ಜನ ಒಟ್ಟಿಗೆ ನಿಂತು ಕೇಳಿ: ನೀವು ಯಾರು? ಗಾಡಿ ಯಾರ ಹೆಸರಲ್ಲಿದೆ? ನಂಬರು ಬರೆದುಕೊಳ್ಳಿ. ಅನುಮಾನ ಬಂದರೆ 112ಕ್ಕೆ ಫೋನು ಮಾಡಿ.

ನಾವು ಕೇಳದೇ ಇರುವಷ್ಟು ದಿನ ಯಾವ ಗುಜರಿ ಜೀಪಾದರೂ ನಮ್ಮನ್ನು ಆಳುತ್ತದೆ.