ಮಾಸ್ತರ್ರು ಬರೆಯುವುದನ್ನು ನಿಲ್ಲಿಸಲಿ, ಬರೆದದ್ದನ್ನು ಅಳಿಸುವುದು ಬೇಡ

ಬೀಳಗಿ ಕಡೆಯ ನನ್ನ ಹೈಸ್ಕೂಲ್ ಗುರುಗಳು ಕಳೆದ ತಿಂಗಳು ತಮ್ಮ ಬ್ಲಾಗಿನಲ್ಲಿ ನಾಲ್ಕೇ ಸಾಲು ಬರೆದರು. ನಿವೃತ್ತಿಯಾಗಿ ಎರಡು ವರ್ಷವಾಯಿತು, ಕಣ್ಣಿನ ಆಪರೇಷನ್ ಆಗಿದೆ, ಇನ್ನು ಬರೆಯುವುದಿಲ್ಲ, ಯುಗಾದಿಗೆ ಬ್ಲಾಗ್ ತೆಗೆದುಹಾಕುತ್ತೇನೆ. ಸಂಜೆಯೊಳಗೆ ಅದರ ಸ್ಕ್ರೀನ್‌ಶಾಟ್ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂತು. "ಹಂಗ ಮಾಡಬ್ಯಾಡ್ರಿ ಸರ್", "ನೀವು ಬರೀಲೇಬೇಕ್ರಿ", "ಈಗಂತೂ ಟೈಮ್ ಐತೆಲ್ರಿ". ಕೈ ಮುಗಿಯುವ ಇಮೋಜಿಗಳಂತೂ ಎಣಿಸಲಾರದಷ್ಟು.

ಈ ಕೈ ಮುಗಿದವರ ಮೇಲೆ ನನಗೆ ಸಿಟ್ಟಿದೆ. ಅವರಲ್ಲಿ ನಾನೂ ಒಬ್ಬ, ಆ ಮಾತು ಮುಂದೆ ಬರುತ್ತದೆ.

ಟೈಮ್ ಐತೆಲ್ರಿ ಅಂದರೆ ಏನರ್ಥ? ಮೂವತ್ತು ವರ್ಷ ಸರ್ಕಾರದ ಕೆಲಸ ಮಾಡಿ ಪಿಂಚಣಿಗೆ ಬಂದ ಮನುಷ್ಯ ಇನ್ನು ಮೇಲೆ ನಮ್ಮ ಪುಕ್ಕಟೆ ಕೆಲಸ ಮಾಡಬೇಕು ಅಂತಲೇ? ಅವರು ಬರೆಯಲು ಶುರು ಮಾಡಿದ್ದು 2008ರಲ್ಲಿ. ಆಗ ಊರಲ್ಲಿ ನೆಟ್ ಇರಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ ಹಿಡಿದು ಬೀಳಗಿಯ ಸೈಬರ್ ಕೆಫೆಗೆ ಹೋಗಿ, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಕೂರುತ್ತಿದ್ದರು. ಆ ಕಂಪ್ಯೂಟರಿನಲ್ಲಿ ಕನ್ನಡ ಬದಲು ಚೌಕಟ್ಟು ಚೌಕಟ್ಟು ಡಬ್ಬಿಗಳು ಕಾಣುತ್ತಿದ್ದವು. ಕೆಫೆ ಹುಡುಗನಿಂದ ವಿಂಡೋಸ್ ಸಿಡಿ ಹಾಕಿಸಿ, ಬರಹ ತಂತ್ರಾಂಶ ಕೂಡಿಸಿಕೊಂಡು, ಒಂದೊಂದೇ ಅಕ್ಷರ ಕುಟ್ಟಿದವರು. ಇಲ್ಲಿಯವರೆಗೆ ಅದರಿಂದ ಒಂದು ಪೈಸೆ ಅವರಿಗೆ ಬಂದಿಲ್ಲ. ಸಾಕು ಅನ್ನುವ ಹಕ್ಕು ಅವರಿಗಿಲ್ಲದಿದ್ದರೆ ಇನ್ಯಾರಿಗಿದೆ?

ಇನ್ನು ನನ್ನ ಮಾತು. ಜಿಲ್ಲೆಯ ಸ್ಟ್ರಿಂಗರ್ ಆಗಿ ಹನ್ನೊಂದು ವರ್ಷದಿಂದ ಸುದ್ದಿ ಕಳಿಸುತ್ತಿದ್ದೇನೆ. ಆಲಮಟ್ಟಿ ಹಿನ್ನೀರು ಇಳಿದು ಹಳೇ ಊರಿನ ಗೋಡೆ, ಗುಡಿ ಕಾಣುವ ಬೇಸಿಗೆಯಲ್ಲಿ ಪ್ರತಿ ವರ್ಷ ಒಂದು ಸ್ಟೋರಿ ಬೇಕೇಬೇಕು. ಆ ಗುಡಿ ಯಾವುದು, ಜಾತ್ರೆ ಯಾವ ತಿಥಿಗೆ ನಡೆಯುತ್ತಿತ್ತು, ತೇರಿನ ಹಗ್ಗ ಯಾವ ಮನೆತನದವರು ಹಿಡಿಯುತ್ತಿದ್ದರು, ಎಲ್ಲಾ ಮಾಸ್ತರ್ರ ಬ್ಲಾಗಿನಿಂದ ಎತ್ತಿದ್ದು. "ಹಿರಿಯರೊಬ್ಬರು ಹೇಳುವಂತೆ" ಅಂತ ಬರೆದು ಕೈ ತೊಳೆದುಕೊಂಡೆ. ಒಂದು ಸಲವೂ ಅವರ ಹೆಸರು ಹಾಕಲಿಲ್ಲ. ನನ್ನ ಹಾಗೆ ಎತ್ತಿದವರು ಇನ್ನೂ ಇದ್ದಾರೆ, ಅವರಿಗೂ ಗೊತ್ತು. ಓದಿ ಸುಮ್ಮನಿದ್ದವರು, ಎತ್ತಿ ಹೆಸರು ನುಂಗಿದವರು ಈಗ ಬರೀಲೇಬೇಕ್ರಿ ಅನ್ನುವುದು ನಾಚಿಕೆಗೇಡು.

ಹಾಗಾದರೆ ಮಾಸ್ತರ್ರು ಮಾಡುತ್ತಿರುವುದೆಲ್ಲ ಸರಿಯೇ? ಅಲ್ಲ. ಅವರೊಂದಿಗೂ ನನ್ನ ಜಗಳವಿದೆ. ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ.

ಹೋದ ರವಿವಾರ ಅವರ ಮನೆಗೆ ಹೋಗಿದ್ದೆ. ಕರಿ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. "ಯಾರ್ ಓದ್ತಾರಪಾ ತಮ್ಮಾ ಅದನ್ನ? ನಾ ಹೋದಮ್ಯಾಲ ಅದು ಬೇವಾರ್ಸಿ ಆಗಿ ಬೀಳೂದ್ ಬ್ಯಾಡ. ಮನಿ ಕಟ್ಟಿದಾಂವನ ಕೆಡವಿ ಹೋದ್ರ ಚಲೋ" ಅಂದರು. ಇನ್ನೊಂದು ಕಾರಣವನ್ನು ಸ್ವಲ್ಪ ತಡೆದು ಹೇಳಿದರು. ಪರಿಹಾರದ ದುಡ್ಡಿಗಾಗಿ ಅಣ್ಣತಮ್ಮಂದಿರು ಕೋರ್ಟ್ ಹತ್ತಿದ ಕಥೆಯೊಂದನ್ನು ಮೊದಮೊದಲು ಹೆಸರು ಸಮೇತ ಬರೆದಿದ್ದರಂತೆ. ಆ ಮನೆಯ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಈ ಎರಡನೆಯ ಕಾರಣಕ್ಕೆ ನಾನು ತಲೆ ಬಾಗುತ್ತೇನೆ. ಆ ಬರಹ ತೆಗೆಯಲಿ, ಇನ್ನೂ ಅಂಥವು ನಾಲ್ಕಿದ್ದರೆ ಅವನ್ನೂ ತೆಗೆಯಲಿ. ಒಂದು ಗಿಡಕ್ಕೆ ಹುಳ ಬಿತ್ತೆಂದು ಹೊಲಕ್ಕೇ ಬೆಂಕಿ ಹಚ್ಚುವುದುಂಟೇ?

ಯಾಕೆಂದರೆ ಮುಳುಗಡೆ ಮುಗಿದ ಕಥೆಯಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು 519.6 ಮೀಟರಿಗೆ. 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿದ ದಿನ ಇನ್ನಷ್ಟು ಹೊಲ, ಇನ್ನಷ್ಟು ಮನೆ ನೀರಿಗೆ ಹೋಗುತ್ತವೆ. ಆಗ ಜನ ಕೇಳುವ ಮೊದಲ ಪ್ರಶ್ನೆ, ಹೋದ ಸಲ ಹೋದವರಿಗೆ ಏನಾಯಿತು ಅಂತ. ಕಚೇರಿಯ ಕಡತದಲ್ಲಿ ಸರ್ವೆ ನಂಬರ್ ಸಿಗುತ್ತದೆ. ಬನ್ನಿಗಿಡದ ಹೊಲ, ಹಳ್ಳದ ಪಟ್ಟಿ, ಮರಡಿ ಹೊಲ ಅನ್ನುವ ಹೆಸರು ಸಿಗುವುದಿಲ್ಲ. ಪರಿಹಾರದ ಚೆಕ್ ಬಂದ ವಾರ ಊರಿಗೆ ಎಷ್ಟು ಮೋಟಾರ್ ಸೈಕಲ್ ಬಂದವು, ಎರಡು ವರ್ಷದಲ್ಲಿ ಎಷ್ಟು ಉಳಿದವು ಅನ್ನುವುದು ಯಾವ ಕಡತದಲ್ಲೂ ಇಲ್ಲ. ಮಾಸ್ತರ್ರ ಬ್ಲಾಗಿನಲ್ಲಿದೆ. ಅದರ ಕೆಳಗೆ ಗೋವಾಕ್ಕೆ ದುಡಿಯಲು ಹೋದವನೊಬ್ಬ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ, ನಮ್ಮ ಮನೆ ಬಾವಿ ನೀರು ಸಿಹಿ ಇತ್ತು ಸರ್ ಅಂತ ಬರೆದಿದ್ದಾನೆ. ಬ್ಲಾಗ್ ಅಳಿಸಿದರೆ ಅವನ ಮಾತೂ ಹೋಯಿತು. ಅದು ಮಾಸ್ತರ್ರ ಒಬ್ಬರದೇ ಆಸ್ತಿ ಅಂತ ನಾನು ಒಪ್ಪುವುದಿಲ್ಲ.

"ಎಲ್ಲಾ ಫೇಸ್‌ಬುಕ್ಕಿಗೆ ಹಾಕಿದ್ರ ಆತು" ಅಂತ ನಮ್ಮ ಯುವಕ ಸಂಘದವರ ಸಲಹೆ. ಆರ್ಕುಟ್‌ನಲ್ಲಿ ಹಾಕಿದ್ದೆಲ್ಲ ಎಲ್ಲಿದೆ ಈಗ? 2014ರಲ್ಲಿ ಅಂಗಡಿ ಮುಚ್ಚಿದರು. ಫೇಸ್‌ಬುಕ್ಕಿನಲ್ಲಿ ಮೂರು ವರ್ಷದ ಹಿಂದಿನ ನಿಮ್ಮದೇ ಪೋಸ್ಟ್ ಹುಡುಕಿ ನೋಡಿ, ತಿಳಿಯುತ್ತದೆ.

ಮುಟ್ಟದೆ ಬಿಟ್ಟರೂ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದು ಎಂದು ಗೂಗಲ್ 2023ರಲ್ಲಿ ಹೇಳಿದೆ. ದುಡ್ಡು ಕೊಟ್ಟು ಸ್ವಂತ ವಿಳಾಸ ಕೊಂಡವರದು ಇನ್ನೂ ಕಷ್ಟ. ವರ್ಷದ ಬಾಡಿಗೆ ತಪ್ಪಿದರೆ ಆ ಹೆಸರನ್ನು ಬೇರೆ ಯಾರಾದರೂ ಕೊಂಡು ಜೂಜಿನ ಜಾಹೀರಾತು ಹಾಕಬಹುದು.

ಹಾಗಾಗಿ ಕೈ ಮುಗಿದವರಿಗೆ ಕೆಲಸವಿದೆ. ಮಾಸ್ತರ್ರಿಗೆ ಅಲ್ಲ, ನಮಗೆ. ಬ್ಲಾಗಿನ ಸೆಟ್ಟಿಂಗಿನಲ್ಲಿ ಬ್ಯಾಕಪ್ ತೆಗೆಯುವ ದಾರಿ ಇದೆ, ಬರಹ ಮತ್ತು ಪ್ರತಿಕ್ರಿಯೆ ಅದರಲ್ಲಿ ಬರುತ್ತವೆ. ಫೋಟೋಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಜಗತ್ತಿನ ವೆಬ್ ಪುಟಗಳ ಪ್ರತಿ ಇಡುತ್ತಿದೆ, ಅದರ ವೇಬ್ಯಾಕ್ ಮಷೀನ್‌ನಲ್ಲಿ ವಿಳಾಸ ಹಾಕಿದರೆ ಆ ಪುಟದ ಪ್ರತಿ ಉಳಿಸಬಹುದು, ದುಡ್ಡಿಲ್ಲ. ಗೂಗಲ್ ಖಾತೆಯಲ್ಲಿ, ನಾನು ಇಷ್ಟು ತಿಂಗಳು ತೆರೆಯದಿದ್ದರೆ ಇಂಥವರಿಗೆ ತಿಳಿಸಿ ಎಂದು ಮೊದಲೇ ಬರೆದಿಡುವ ವ್ಯವಸ್ಥೆ ಇದೆ. ಒಂದು ಮುದ್ರಿತ ಪ್ರತಿ ಪಂಚಾಯಿತಿ ಗ್ರಂಥಾಲಯದಲ್ಲಿರಲಿ. ಖರ್ಚಿಗೆ ಪಟ್ಟಿ ಎತ್ತೋಣ. ಗಣಪತಿ ಹಬ್ಬಕ್ಕೆ ಎತ್ತುತ್ತೇವಲ್ಲ, ಅದರ ಕಾಲು ಭಾಗ ಸಾಕು.

ಇದನ್ನೆಲ್ಲ ಹೇಳಿದಾಗ ಮಾಸ್ತರ್ರು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ಯುಗಾದಿತನಕ ಟೈಮ್ ಐತಿ. ಯಾರ್ ಬರ್ತಾರ ನೋಡೂಣು" ಅಂದರು. ಬರುವ ರವಿವಾರ ಬೆಳಿಗ್ಗೆ ಹತ್ತಕ್ಕೆ ನಾನು ಲ್ಯಾಪ್‌ಟಾಪ್, ಪೆನ್‌ಡ್ರೈವ್ ಹಿಡಿದು ಅವರ ಪಡಸಾಲೆಯಲ್ಲಿ ಇರುತ್ತೇನೆ. ಮನೆ ಗೊತ್ತಿದ್ದವರು ಬನ್ನಿ. ಹಳೇ ಊರಿನ ಫೋಟೋ ಇದ್ದರೆ ತನ್ನಿ.